ಕಾಣೆಯಾದ ಗೂಟಗಳು

ತಿಪಟೂರು, ಉಪವಿಭಾಗ ಕಚೇರಿ, ಮಹಡಿ ಮೇಲಿನ ಕೋಣೆ.
ಸುರುಳಿ ಸುತ್ತಿಕೊಳ್ಳುವ ನಕ್ಷೆಯ ಮೂಲೆಗಳಿಗೆ
ನಾಲ್ಕು ಕಾಫಿ ಲೋಟ.
ಇವತ್ತು ದಿನಕ್ಕೆ ಅರವತ್ತು ಟನ್ ಕರಟದ ಇದ್ದಿಲು,
ಹತ್ತು ವರ್ಷಕ್ಕೆ ಆರುನೂರು, ಎಂದರು ಅಧಿಕಾರಿ.
ಆ ಒಂದು ಸೊನ್ನೆಯನ್ನು
ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟಿಟ್ಟಂತೆ
ಹಗುರಾಗಿ ಇಟ್ಟರು.

ಅದಕ್ಕೆ ಎಂಬತ್ತಡಿ ರಸ್ತೆ ಬೇಕು.
ಸ್ಟೇಷನ್ ಹಿಂದೆ ಹೊಸ ಗೂಡ್ಸ್ ಷೆಡ್ಡು, ಎರಡು ವೇಬ್ರಿಡ್ಜು,
ಮಂಗಳೂರು ಬಂದರಿಗೆ ವಾರಕ್ಕೆರಡು ರೈಲು.
ಮಂಡಿ ಷಡಕ್ಷರಯ್ಯ ಎದ್ದು ನಿಂತರು:
"ನಮ್ಮಪ್ಪನ ಕಾಲಕ್ಕೆ ಮೋಸ ಹೋದವನ ಕೈಗೆ
ಚಿಪ್ಪು ಬಂತು ಅಂತಿದ್ರು ಸ್ವಾಮಿ.
ಈಗ ಬರಲಿ ಬಿಡಿ, ಎಷ್ಟು ಬಂದ್ರೂ ಬರಲಿ."
ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ಕೆಲಸ ಗೂಟ ಹೊಡೆಸುವುದು.
ಮೂವತ್ತು ಮೀಟರಿಗೊಂದು,
ತಲೆಗೆ ಕೆಂಪು ಬಣ್ಣ, ಮೈಗೆ ನಂಬರು.
ಚಿಕ್ಕಮಾರಪಾಳ್ಯದ ಹತ್ತಿರ ನಡುಗೆರೆ ಹಾದದ್ದು
ಹೊನ್ನಗಂಗಮ್ಮನ ಸುಡುಗುಂಡಿಗಳ ಮೇಲೆ.
ಆರು ಗುಂಡಿ. ಆಳಕ್ಕೆ ಆಳುದ್ದ.
ತಗಡಿನ ಮುಚ್ಚಳ, ಅಂಚಿಗೆ ಮೆತ್ತಿದ ಕೆಮ್ಮಣ್ಣು.

ನಕ್ಷೆಯಲ್ಲಿ ಮರಕ್ಕೆ ಗುರುತಿದೆ,
ಬಾವಿಗಿದೆ, ಗುಡಿಗಿದೆ, ಗೋರಿಗಿದೆ.
ಹೊಗೆಗಿಲ್ಲ.
ಹೊಗೆ ಓದುವುದನ್ನು ಅವಳೇ ಹೇಳಿಕೊಟ್ಟಳು:
"ಬೆಳ್ಳಗಿದ್ರೆ ನೀರು ಹೋಗ್ತಾ ಐತೆ. ಹಳದಿ ಅಂದ್ರೆ ಜಿಡ್ಡು.
ನೀಲಿ ತಿರುಗ್ತೋ, ಮುಚ್ಚಿಬಿಡ್ಬೇಕು.
ಇನ್ನೊಂಚೂರು ಆಗ್ಲಿ ಅಂತ ಆಸೆ ಪಟ್ಟು ನಿಂತ್ರೆ
ಬೂದಿ ಮಾರ್ಬೇಕಾಯ್ತದೆ."
ಇದನ್ನು ಫೀಲ್ಡ್ ಬುಕ್ಕಿನಲ್ಲಿ ಬರೆಯಲು ಹೋದೆ.
ಯಾವ ಕಲಮಿನಲ್ಲೂ ಹಿಡಿಸಲಿಲ್ಲ.

"ಹಡಗ್ನಾಗೆ ಹೋಗಿ ಅಲ್ಲೇನ್ ಮಾಡ್ತಾರಂತೆ ಇದ್ರಿಂದ?"
ನೀರು ಸೋಸುತ್ತಾರೆ, ಎಂದೆ. ಚಿನ್ನ ಸೋಸುತ್ತಾರೆ.
ಸೆರಗಿನಿಂದ ಮೂಗೊರೆಸಿಕೊಂಡು ಕೇಳಿದಳು:
"ಗಾಳೀನ?"
ಅದನ್ನೂ.
ಕರ್ರಗಾದ ಸೆರಗನ್ನು ತಿರುವಿ ನೋಡಿ
ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಗುಂಡಿಗೆ ಪರಿಹಾರ ಐತಾ?"
ಕಟ್ಟಡಕ್ಕಿದೆ. ತೆಂಗಿಗೆ, ಹುಣಸೆಗೆ, ಬೇಲಿಗೂ ಇದೆ.
ಗುಂಡಿ ಎಂದರೆ, ಕಾಗದದ ಪ್ರಕಾರ,
ಏನೂ ಇಲ್ಲದ ಜಾಗ.
ಅವಳು ಮಾತಾಡಲಿಲ್ಲ.
ಮೂರನೇ ಗುಂಡಿಯ ಹೊಗೆ ಆಗಷ್ಟೇ ನೀಲಿಯಾಗುತ್ತಿತ್ತು,
ಎದ್ದು ಓಡಿದಳು.

ಮುಂದಿನ ಸೋಮವಾರ ಹೋದರೆ
ಮೂವತ್ತೇಳರಿಂದ ನಲವತ್ತೆರಡರವರೆಗೆ ಗೂಟವೇ ಇಲ್ಲ.
ನೆಲದಲ್ಲಿ ಆರು ತೂತು,
ಒಂದರೊಳಗೆ ಇರುವೆ ಮನೆ ಮಾಡಿತ್ತು.
"ಜಾಲಿ ಗೂಟ, ಚೆನ್ನಾಗಿ ಒಣಗಿದ್ವು," ಅಂದಳು,
ಮುಚ್ಚುಮರೆಯಿಲ್ಲದೆ.
"ಹೊತ್ತಿಸೋಕೆ ಹಾಕ್ದೆ. ಕೆಂಡ ಅಂದ್ರೆ ಕೆಂಡ.
ಶುಕ್ರವಾರದ ಲೋಡಿಗೆ ಹೋಯ್ತು."

ಜಗಲಿ ಮೇಲೆ ಕೂತು ಲೆಕ್ಕ ಹಾಕಿದೆ:
ಶನಿವಾರ ಹಾಸನ, ಘಾಟಿ ಇಳಿದು ಭಾನುವಾರ ಬಂದರು.
ಅಂದರೆ ನಮ್ಮ ರಸ್ತೆಯ ನೂರೈವತ್ತು ಮೀಟರು
ರಸ್ತೆಯಾಗುವ ಮೊದಲೇ
ಸಮುದ್ರ ಮುಟ್ಟಿದೆ.

ಕಚೇರಿಗೆ ವರದಿ ಬರೆದೆ. ಗೂಟ ಕಾಣೆ, ಆರು.
ಕಾರಣ ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತಿತು.
ರಫ್ತು, ಎಂದು ಬರೆದೆ.

ಸಾಹೇಬರು ಓದಿದರು. ನಗಲಿಲ್ಲ.
"ಈ ಸಲ ಕಲ್ಲು ನೆಡಿಸಿ," ಎಂದರು.