ಕಲಂ ಏಳು

ವಕೀಲರು "ಕಲಂ... ಏಳು" ಎಂದರು.
ನಾನು ಎದ್ದು ನಿಂತೆ.

ನಕ್ಕರು. ಸಮಾಪನಾಧಿಕಾರಿಯೂ ನಕ್ಕರು.
ಸಹಕಾರ ಇಲಾಖೆಯ ಫ್ಯಾನು ಮಾತ್ರ
ಮೊದಲಿನ ಹಾಗೇ ಕಿರ್ರೆನ್ನುತ್ತಿತ್ತು.
ಏಳೆಂದರೆ ನಂಬ್ರ ಮಾರಾಯರೆ, ಕೂತುಕೊಳ್ಳಿ,
ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಏಳನೇ ಕಲಂ:
ಪರವಾನಗಿ ಇಲ್ಲದವರು
'ಬ್ಯಾಂಕ್' ಎಂಬ ಶಬ್ದ ಬಳಸಕೂಡದು.

ಬೋರ್ಡಿನ ಫೋಟೋ ತೋರಿಸಿದರು.
ವಿವಿಧೋದ್ದೇಶ ಪತ್ತಿನ ಸಹಕಾರಿ ಸಂಘ, ನಿಯಮಿತ.
ಬ್ಯಾಂಕ್ ಇಲ್ಲ.
ಪಾಸ್‌ಪುಸ್ತಕ ತಿರುವಿದರು. ಇಲ್ಲ.
ರಬ್ಬರು ಮೊಹರು, ಕ್ಯಾಲೆಂಡರು,
ಹತ್ತನೇ ವರ್ಷಕ್ಕೆ ಹಂಚಿದ ಸ್ಟೀಲು ಬಟ್ಟಲಿನ ಅಂಚು,
ಎಲ್ಲೂ ಇಲ್ಲ.
ಆದ್ದರಿಂದ ಠೇವಣಿ ವಿಮೆಯೂ ಇಲ್ಲ,
ಐದು ಲಕ್ಷದ ಮಾತು ಬ್ಯಾಂಕಿನಲ್ಲಿಟ್ಟವರಿಗೆ.
ಇವರು ಸದಸ್ಯರು, ಸದಸ್ಯರೆಂದರೆ ಮಾಲೀಕರು,
ಬೋಟು ಮುಳುಗಿದರೆ ಮಾಲೀಕರದೇ ನಷ್ಟವಲ್ಲವೆ?

ಹಾಗಾದರೆ ಆ ಶಬ್ದ ಎಲ್ಲಿತ್ತು?

ನನ್ನ ಬಾಯಲ್ಲಿತ್ತು.
ಹತ್ತೊಂಬತ್ತು ವರ್ಷ, ಸಂಜೆ ನಾಲ್ಕರಿಂದ,
ದಕ್ಕೆಯ ಮಂಜುಗಡ್ಡೆ ನೀರಲ್ಲಿ ಚಪ್ಪಲಿ ನೆನೆಸಿಕೊಂಡು,
ಕುದ್ರೋಳಿಯ ಬೀಡಿ ಕಟ್ಟುವ ಜಗಲಿಗಳಲ್ಲಿ,
ಲಿಗೋರಿ ಕುಟಿನ್ಹೊನ ಹೊಲಿಗೆ ಮಿಷನ್ನಿನ ಸದ್ದಿಗೆ ಮೇಲಾಗಿ
"ಬ್ಯಾಂಕಿನಿಂದ!" ಎಂದು ಕೂಗಿದವನು ನಾನು.
'ವಿವಿಧೋದ್ದೇಶ ಪತ್ತಿನ ಸಹಕಾರಿ ಸಂಘ ನಿಯಮಿತದಿಂದ'
ಎಂದು ಕೂಗಿ ಮುಗಿಸುವಷ್ಟರಲ್ಲಿ
ಒಂದು ಬುಟ್ಟಿ ಬಂಗುಡೆ ಖಾಲಿಯಾಗುತ್ತದೆ.
ನೂರಕ್ಕೆ ಮೂರು ರೂಪಾಯಿ ಕಮಿಷನ್ನು,
ಆ ಒಂದು ಶಬ್ದಕ್ಕೆ.

ವಾರಿಜ ಮೆಂಡನ್ ಲೆಕ್ಕ ಬರೆದದ್ದು
ಐಸು ಪೆಟ್ಟಿಗೆಯ ಮುಚ್ಚಳದ ಮೇಲೆ, ಮೊಳೆಯಿಂದ.
ದಿನಕ್ಕೊಂದು ಗೀರು, ಗೀರಿಗೆ ನಲವತ್ತು.
ಪುರಾವೆ ತನ್ನಿ ಎಂದು ನೋಟೀಸು ಹೋಗಿತ್ತು,
ಮುಚ್ಚಳವನ್ನೇ ತಲೆಯಲ್ಲಿ ಹೊತ್ತು ತಂದಳು,
ಎರಡು ಮಹಡಿ ಮೆಟ್ಟಿಲಿಗೂ ಮೀನಿನ ಪರಿಮಳ.
ಗುಮಾಸ್ತೆ ಪೆನ್ಸಿಲ್ಲು ಊರಿ ಊರಿ ಎಣಿಸಿದ,
ನನ್ನ ಪುಸ್ತಕಕ್ಕೆ ತಾಳೆ ನೋಡಿದ,
ಮತ್ತೆ ಎಣಿಸಿದ.
ಒಂದು ಗೀರು ಕಮ್ಮಿ.

ಅವಳಿಗೆ ಜ್ವರ ಬಂದ ದಿನ ಅದು.
ಕಂತು ತಪ್ಪಬಾರದೆಂದು ನಾನೇ ಕಟ್ಟಿದ್ದೆ,
ಆಮೇಲೆ ಕೇಳಲಿಕ್ಕೆ ಮರೆತುಹೋಯಿತು.

ವಕೀಲರು ಮುಂದಕ್ಕೆ ಬಾಗಿದರು:
ಈ ನಲವತ್ತು ರೂಪಾಯಿ ಸಾಲವೋ, ಠೇವಣಿಯೋ, ದಾನವೋ?
ಯಾರ ಹಕ್ಕು? ಹೇಳಿಕೆ ಕೊಡಿ.

ಮೂರು ಕೋಟಿ ಎತ್ತ ಹೋಯಿತೆಂದು ಅಧ್ಯಕ್ಷರನ್ನು ಕೇಳಿದಾಗ
ದನಿ ಇಷ್ಟು ಗಟ್ಟಿ ಇರಲಿಲ್ಲ.
ಅಳಿಯನ ಹೆಸರಲ್ಲಿ, ಅಳಿಯನ ಡ್ರೈವರನ ಹೆಸರಲ್ಲಿ,
ತೀರಿಕೊಂಡ ಡ್ರೈವರನ ತಾಯಿಯ ಹೆಸರಲ್ಲಿ
ಜಾಮೀನಿಲ್ಲದೆ ಹೋದ ಸಾಲ.
ನಿರೀಕ್ಷಣಾ ಜಾಮೀನು ಮಾತ್ರ ಇತ್ತು, ಅಧ್ಯಕ್ಷರ ಕಿಸೆಯಲ್ಲಿ.
ಅವರು ಕೂತೇ ಉತ್ತರಿಸಿದರು. ಎಳನೀರೂ ಬಂತು.

ಬರೆದುಕೊಳ್ಳಿ ಎಂದೆ ನಾನು.
ಬೋರ್ಡು ತಪ್ಪು ಮಾಡಿಲ್ಲ, ಮೊಹರು ಮಾಡಿಲ್ಲ,
ಬಾಯಿಗೆ ಯಾವ ಕಲಂ ಇದೆ, ಅದನ್ನು ಹಾಕಿ.
ವಕೀಲರು ಪುಟ ತಿರುವಿದರು, ಗಡಿಯಾರ ನೋಡಿದರು,
ಅಂಥದ್ದಿಲ್ಲ, ನೀವು ಬರೇ ಏಜೆಂಟು ಎಂದರು.
ಮುಂದಿನ ವಿಚಾರಣೆ ಇಪ್ಪತ್ತಾರಕ್ಕೆ.

ಆಸಿಯಮ್ಮ ಮೆಟ್ಟಿಲ ಬುಡದಲ್ಲಿ ಕೂತಿದ್ದಳು,
ನನ್ನನ್ನು ಕಂಡು ಸೆರಗು ಎಳೆದುಕೊಂಡಳು, ಅಷ್ಟೆ.
ವಾರಿಜ ಕೇಳಿದಳು, ಅವರನ್ನಲ್ಲ, ನನ್ನನ್ನು:
"ಎನ್ನ ದುಡ್ಡು ಓಲುಂಡು ಅಣ್ಣ?"

ರಸ್ತೆಯಲ್ಲಿ ಕಂಡಕ್ಟರ್ ಬಸ್ಸಿನ ತಗಡು ಬಡಿಯುತ್ತಿದ್ದ,
ಸ್ಟೇಟ್ ಬ್ಯಾಂಕ್ ಸ್ಟೇಟ್ ಬ್ಯಾಂಕ್ ಸ್ಟೇಟ್ ಬ್ಯಾಂಕ್.
ಹತ್ತಿದವರಲ್ಲಿ ಒಬ್ಬರೂ ಬ್ಯಾಂಕಿಗೆ ಹೋಗುವವರಲ್ಲ.
ಆದರೂ ಅವನು ಕೂಗಿದಲ್ಲಿಗೇ
ಅವರನ್ನು ಇಳಿಸುತ್ತಾನೆ, ದಿನವೂ.

ಮುಚ್ಚಳಕ್ಕೆ ಲಗೇಜು ಹತ್ತು ರೂಪಾಯಿ ಎಂದ.
ನನ್ನ ಕೈ ಅದರಷ್ಟಕ್ಕೆ ಕಿಸೆಗೆ ಹೋಯಿತು.
ಬೇಡ, ಎಂದಳು ವಾರಿಜ,
ಸೊಂಟದ ಚೀಲ ಬಿಚ್ಚುತ್ತಾ,
ಮತ್ತೆ ಲೆಕ್ಕ ತಪ್ಪುತ್ತದೆ.