ಖಾಲಿ ಮೊಳೆ

ಹಟ್ಟಿಯ ಚಿನ್ನದ ಗಣಿಯಲ್ಲಿ ಇಪ್ಪತ್ತೇಳು ವರ್ಷ
ನಾನು ಕಾಯ್ದದ್ದು ಚಿನ್ನವನ್ನಲ್ಲ, ಮೊಳೆಗಳನ್ನು.
ಟೋಕನ್ ಖೋಲಿಯ ಹಲಗೆ, ಸಾಲು ಸಾಲು ಮೊಳೆ,
ಮೊಳೆಗೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಗೊಂದು ನಂಬರು.
ಇಳಿಯುವವ ಒಯ್ಯಬೇಕು,
ಏರಿ ಬಂದವ ತಂದು ತೂಗುಹಾಕಬೇಕು.

ಹಾಗಾಗಿ ನನ್ನ ಲೆಕ್ಕ ಊರಿನ ಲೆಕ್ಕಕ್ಕೆ ಉಲ್ಟಾ:
ಬಿಲ್ಲೆ ಇದ್ದರೆ ಮನುಷ್ಯ ಇಲ್ಲ,
ಬಿಲ್ಲೆ ಇಲ್ಲದಿದ್ದರೆ ಇದ್ದಾನೆ,
ಎರಡು ಸಾವಿರ ಅಡಿ ಕೆಳಗೆ, ಬೆವರುತ್ತ.
ಹೊಸಬರು ನಗುತ್ತಿದ್ದರು,
"ಏನ್ ನೋಡ್ಕೋತ ಕುಂತೀರಿ ಯಂಕೋಬಣ್ಣ?"
"ಇಲ್ಲದ್ದನ್ನ" ಅಂತಿದ್ದೆ.

ಲಿಂಗಸೂಗೂರು ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ
ತರ್ಕ ಓದಿದ ಮುದುಕರೊಬ್ಬರು ಪಕ್ಕದಲ್ಲಿ ಕೂತರು.
ನನ್ನ ಕೆಲಸ ಕೇಳಿ ಅವರ ಕಣ್ಣು ಅರಳಿತು.
"ನೆಲದ ಮೇಲೆ ಕೊಡ ಇಲ್ಲ ಅಂತೀವಿ.
ಕಾಣುವುದು ಬರೀ ನೆಲವೋ, ಕೊಡದ ಇಲ್ಲವೂ ಕಾಣುತ್ತದೋ?
ಇದೊಂದಕ್ಕೆ ನೂರಾರು ವರ್ಷ ಜಗಳಾಡಿದ್ದಾರೆ ನಮ್ಮ ಹಿರಿಯರು.
ಒಂದು ಮಾತ್ರ ಖರೆ, ತಮ್ಮಾ,
ಪ್ರತಿ ಇಲ್ಲಕ್ಕೂ ಒಬ್ಬ ಒಡೆಯ ಇರುತ್ತಾನೆ."
ಬಸ್ಸು ಬಂತು. ಅವರ ಹೆಸರು ಕೇಳುವುದು ಉಳಿಯಿತು.

ಆ ರಾತ್ರಿ ಹಲಗೆ ಬೇರೆ ಕಂಡಿತು.
ನಾಕನೂರಾ ಹದಿನೇಳು, ಆದಪ್ಪನ ಇಲ್ಲ.
ಹದಿನೆಂಟು, ಶಂಶಾಲಮನ ಇಲ್ಲ.
ಎರಡೂ ಬರೀ ಮೊಳೆ, ಒಂದೇ ತುಕ್ಕು,
ಆದರೂ ಒಂದು ಎಡಚನದು,
ಇನ್ನೊಂದು ಬಿಲ್ಲೆಗೆ ಮುತ್ತಿಟ್ಟು ಇಳಿಯುವವನದು.

ಕ್ಯಾಂಪಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ತಾಯಮ್ಮ
ಅಣ್ಣನ ಬುತ್ತಿ ಕೊಡಲು ಬರುತ್ತಿದ್ದಳು. ಅವಳು ನಗಲಿಲ್ಲ.
"ನಾನೂ ಇದನ್ನೇ ಕಲಸೂದು.
ಬಸ್ಸಿನ ಮುಂದಿನ ಸೀಟಿನಾಂವ ಇಳಿದ ಅನ್ಕೋರಿ,
ಹಿಂದಿನಾಂವ ಅಲ್ಲಿಗೆ ಜರಗಿದ, ಅವನ ಜಾಗಕ್ಕ ಮತ್ತೊಬ್ಬ.
ಮಂದಿ ಎಲ್ಲ ಮುಂದಕ್ಕ ಬಂದ್ರು, ಖಾಲಿ ಸೀಟು ಮಾತ್ರ
ಹಿಂದಕ್ಕ ಹಿಂದಕ್ಕ ಹೋಗಿ ಕಡೀಗೆ ಕುಂತಿತು.
ಹಿಂದಕ್ಕ ಯಾರೂ ಹೋಗಲಿಲ್ಲ, ಮತ್ತ ಹೋಗಿದ್ದು ಯಾವುದು?
ಎಲೆಕ್ಟ್ರಾನ್ ಬಿಟ್ಟುಹೋದ ಜಾಗಕ್ಕ ರಂಧ್ರ ಅಂತೀವಿ.
ಅದಕ್ಕ ವೇಗ ಅದ, ವಿದ್ಯುತ್ತು ಅದ, ಲೆಕ್ಕದಾಗ ತೂಕನೂ ಅದ."
"ಇಲ್ಲದ್ದಕ್ಕ ತೂಕ?"
"'ಇಲ್ಲದ' ಅನ್ನೂದರ ಕಡೀಕ 'ಅದ' ಅದ, ನೋಡ್ರಿ."

ಆ ತೂಕ ನನಗೆ ಗೊತ್ತಾದದ್ದು ಒಂದು ಶ್ರಾವಣದ ರಾತ್ರಿ.
ಎರಡನೇ ಪಾಳಿ ಏರಿತು. ಹದಿನೇಳರ ಮೊಳೆ ಖಾಲಿ.
ಸೈರನ್ ಕೂಗಿತು. ಸಿಡಿಮದ್ದು ನಿಂತಿತು.
ಐವರು ಮತ್ತೆ ಇಳಿದರು, ಐದು ಮೊಳೆ ಖಾಲಿಯಾದವು.
ಆದಪ್ಪನ ಹೆಂಡತಿ ಹನುಮವ್ವ ಕಿಟಕಿಯ ಸರಳು ಹಿಡಿದು
ನನ್ನ ಮುಖ ನೋಡಲಿಲ್ಲ,
ಮೊಳೆಯನ್ನೇ ನೋಡಿದಳು.
ಒಂದು ಟನ್ ಕಲ್ಲು ಅರೆದರೆ ಮೂರು ಗ್ರಾಂ ಬರುವ ಊರು,
ಉಳಿದದ್ದೆಲ್ಲ ಬಿಳೀ ಗುಡ್ಡವಾಗಿ ಬಾಗಿಲ ಹೊರಗೆ ಬಿದ್ದಿತ್ತು,
ಆ ಮೊಳೆ ಅದಕ್ಕಿಂತ ಭಾರ ಇತ್ತು.

ಒಂದೂವರೆಗೆ ಆದಪ್ಪ ಬಂದ,
ಗುರುಗುಂಟದ ಬಯಲಾಟದ ತಾಲೀಮಿನಿಂದ,
ಬಿಲ್ಲೆ ಅಂಗಿಯ ಕಿಸೆಯಲ್ಲೇ.
"ನಾ ಅದೀನಲ್ಲ, ಯಾಕ ಅಳ್ತೀರಿ?"
ಹನುಮವ್ವ ಮಾತಾಡಲಿಲ್ಲ. ಕಿಸೆಗೆ ಕೈ ಹಾಕಿ ತೆಗೆದು
ತಾನೇ ಒಳಬಂದು ಮೊಳೆಗೆ ಸಿಕ್ಕಿಸಿದಳು. ಟಣ್.
ಕೆಳಗೆ ಐವರು ಇನ್ನೂ ಅವನ ಹೆಸರು ಕೂಗುತ್ತಿದ್ದರು,
ಕಲ್ಲು ಓಗೊಡುತ್ತಿತ್ತಂತೆ.

ಈಗ ಮುಖ ನೋಡಿ ಬಾಗಿಲು ಬಿಡುವ ಯಂತ್ರ ಬಂದಿದೆ.
ಪೆನ್ಷನ್ ಕಾಗದಕ್ಕೆ ಹೋದಾಗ ಹಲಗೆ ಕಂಡೆ,
ಸೈಕಲ್ ಸ್ಟ್ಯಾಂಡಿನ ಹಿಂದೆ ಒರಗಿಸಿದ್ದರು.
ಬಿಲ್ಲೆ ತೂಗಿದ ಕಡೆಯೆಲ್ಲ ದುಂಡನೆಯ ತಿಳಿ ಬಣ್ಣ.
ಕೈ ತಾನೇ ಹದಿನೇಳಕ್ಕೆ ಹೋಯಿತು.
ಮೊಳೆಯನ್ನೂ ಕಿತ್ತಿದ್ದಾರೆ.
ತೂತಿಗೆ ಉಗುರು ತಾಗಿಸಿದೆ,
ಬೆಚ್ಚಗಿತ್ತು.
ಬಿಸಿಲಿಗೆ ಇರಬೇಕು.