ಯಾರ ಊರೂ ಅಲ್ಲದ ತಿರುವು

ನಡಾವಳಿ ಬರೆಯುವವಳು ನಾನು.
ತಿಂಗಳಿಗೆರಡು ಗುರುವಾರ, ಮುಚ್ಚಿದ ಗ್ರಂಥಾಲಯದ ಕೋಣೆ,
ಕಲ್ಲಿದ್ದಲ ಒಲೆ, ಐದು ಕುರ್ಚಿ,
ಅದರಲ್ಲೊಂದಕ್ಕೆ ಕಾಲು ಮೂರೇ. ಅದು ನನ್ನದು.
ಹಾಜರಿದ್ದವರು: ಕೋಕ್-ಝಾರಿನ ಸಾಗಿನ್‌ಬೆಕ್,
ತಾಶ್-ಒಯುಕಿನ ಕಾಲಿಮಾ, ಹಿಂದೆ ಗಣಿತದ ಮೇಷ್ಟ್ರಮ್ಮ,
ಮೇಲಿನ ಅಕ್-ಮೊಯುನಿನ ಝಾಪಾರ್, ಕೆಳಗಿನದರ ಎಸೆನ್.
ಕೊನೆಯಿಬ್ಬರೂ ಒಬ್ಬನೇ ಅಜ್ಜನ ಮೊಮ್ಮಕ್ಕಳು,
ಹನ್ನೊಂದು ವರ್ಷದಿಂದ
ಒಬ್ಬನ ಕುದುರೆಗೆ ಇನ್ನೊಬ್ಬ ದಾರಿ ಬಿಟ್ಟವನಲ್ಲ.

ವಿಷಯ ಒಂದು: ಹಾಲು.
ಜೂನ್ ಬಂತೆಂದರೆ ನಮ್ಮ ಕಣಿವೆ ಉಕ್ಕುತ್ತದೆ,
ನಾರಿನ್ ಪೇಟೆಯ ಲಾರಿ ಬರುತ್ತದೆ,
ಒಂದೊಂದು ಊರಿಗೆ ಒಂದೊಂದು ದರ ಕೂಗುತ್ತದೆ,
ಇವರಿಗೆ ಹೇಳಿದ್ದು ಅವರ ಕಿವಿಗೆ ಬೀಳದ ಹಾಗೆ.
ಒಲ್ಲೆನೆಂದವರ ಕ್ಯಾನು ಮಧ್ಯಾಹ್ನಕ್ಕೆ ಹುಳಿ ತಿರುಗಿ
ಕರುಗಳ ಬಾನಿಗೆ, ಇಲ್ಲಾ ಹೊಳೆಗೆ.

"ನಾಲ್ಕೂ ಊರಿಗೆ ಒಂದೇ ತಂಪು ತೊಟ್ಟಿ" ಎಂದಳು ಕಾಲಿಮಾ.
ಕರಿಹಲಗೆ ಇರಲಿಲ್ಲ. ಕಿಟಕಿಯ ಹಬೆಯ ಮೇಲೆ
ಬೆರಳಲ್ಲೇ ಲೆಕ್ಕ ಬಿಡಿಸಿದಳು:
ಇಷ್ಟು ಲೀಟರು, ಲೀಟರಿಗೆ ಆರು ಸೋಮ್ ಹೆಚ್ಚು.
ಬೇಡವೆಂದವರಿಲ್ಲ.
ಲೆಕ್ಕ ತೊಟ್ಟಿಕ್ಕಿ ಚೌಕಟ್ಟಿಗಿಳಿಯುವ ಮೊದಲೇ
ಎಸೆನ್ ಕೇಳಿದ: "ತೊಟ್ಟಿ ಯಾರೂರಲ್ಲಿ?"

ಅಲ್ಲಿಂದ ನಾಲ್ಕು ಗುರುವಾರ
ಎತ್ತು ಏರಿಗೆ, ಯಾಕ್ ನೀರಿಗೆ.
ನಮ್ಮಲ್ಲಿ ಕರೆಂಟು ಹೋಗುವುದಿಲ್ಲ. ನಮ್ಮಲ್ಲಿ ಸೇತುವೆಯಿದೆ.
ನಮ್ಮೂರಲ್ಲಿ ಹಸುವೇ ಹೆಚ್ಚು. ನಿಮ್ಮ ಹಾಲಲ್ಲಿ ನೀರೇ ಹೆಚ್ಚು.
ಈ ಕೊನೆಯದನ್ನು ನಾನು ಬರೆಯಲಿಲ್ಲ.
ಸಾಗಿನ್‌ಬೆಕ್ ಟೋಪಿ ತೆಗೆದು ಮೇಜಿನ ಮೇಲಿಟ್ಟ,
ಅಂದರೆ ಅವನು ಏಳುವುದಿಲ್ಲ.
ಝಾಪಾರ್ ತೆಗೆಯಲೇ ಇಲ್ಲ,
ಅಂದರೆ ಯಾವ ಗಳಿಗೆಯಲ್ಲಾದರೂ ಎದ್ದಾನು.
ನಾನು ಚಹಾ ಬಗ್ಗಿಸಿದೆ, ಅರ್ಧ ಬಟ್ಟಲು, ಮತ್ತೆ ಅರ್ಧ ಬಟ್ಟಲು.
ತುಂಬ ಬಗ್ಗಿಸಿದರೆ ನಮ್ಮ ಕಡೆ
ಇನ್ನು ಹೊರಡಿ ಎಂದ ಹಾಗೆ.

ಐದನೆಯ ಗುರುವಾರ, ಏಪ್ರಿಲಿನ ನಡುವೆ, ಹಿಮ.
ಅಣ್ಣತಮ್ಮಂದಿರಿಬ್ಬರೂ ಬರಲಿಲ್ಲ. ಕಾದೆವು.
ಕತ್ತಲಾದ ಮೇಲೆ ಒಂದೇ ಜೀಪು ಬಂತು,
ಅದರಿಂದ ಇಬ್ಬರು ಇಳಿದರು, ಮೊಳಕಾಲವರೆಗೆ ಒದ್ದೆ,
ಒಬ್ಬನ ಹಗ್ಗ ಇನ್ನೊಬ್ಬನ ಹೆಗಲಲ್ಲಿ.
ಏನಾಯಿತೆಂದು ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ.
ಒಲೆಗೆ ಕೈಯೊಡ್ಡಿ ಝಾಪಾರ್ ಅಂದ:
"ಆ ತಿರುವಿನಲ್ಲಿ ಹಳೇ ಉಣ್ಣೆ ತೂಗುವ ಕೊಠಡಿ ಇದೆಯಲ್ಲ."
"ಅದು ಯಾರ ಊರೂ ಅಲ್ಲವಲ್ಲ" ಎಂದ ಸಾಗಿನ್‌ಬೆಕ್.
"ಹೌದಲ್ಲ" ಎಂದ ಎಸೆನ್.
ಠರಾವು: ಒಮ್ಮತ. ಸಹಿ ನಾಲ್ಕು.
ಒಂದು ಸಹಿಯ ಮೇಲೆ ಹಿಮದ ನೀರು ಬಿದ್ದು ಶಾಯಿ ಹರಡಿದೆ,
ಯಾರದೆಂದು ತಿಳಿಯುವುದಿಲ್ಲ.

ತೊಟ್ಟಿ ಬಂದಾಗ ಬಾಗಿಲು ಸಾಲಲಿಲ್ಲ,
ಗೋಡೆ ಒಡೆದೆವು. ಇಟ್ಟಿಗೆಯ ಲೆಕ್ಕ
ಇವತ್ತಿಗೂ ಬಗೆಹರಿದಿಲ್ಲ.
ಲಾರಿಯವನು ಎಂದಿನಂತೆ ದರ ಕೂಗಿದ,
ನಾಲ್ಕು ಬಾಯಿಂದ ಒಂದೇ ಅಂಕಿ ಬಂತು.
ಅವನು ಸಿಗರೇಟು ಹಚ್ಚಿ ಮುಗಿಯುವವರೆಗೂ ಸೇದಿದ,
ಆಮೇಲೆ ಪೈಪು ಬಿಚ್ಚಿದ.

ಎಲ್ಲ ಸರಿಹೋಯಿತೆಂದು ಬರೆಯಲಾರೆ.
ಎಸೆನ್ ಈಗಲೂ ಝಾಪಾರನ ಕ್ಯಾನಿಗೆ
ಲ್ಯಾಕ್ಟೋಮೀಟರ್ ಎರಡು ಸಲ ಇಳಿಬಿಡುತ್ತಾನೆ.
ಝಾಪಾರ್ ನೋಡುತ್ತ ನಿಂತಿರುತ್ತಾನೆ, ಟೋಪಿ ಕೈಯಲ್ಲಿ.

ತಿರುವಿನಲ್ಲೀಗ ಒಂದು ಚಹಾದಂಗಡಿ,
ಟೈರಿಗೆ ಗಾಳಿ ಹಾಕುವ ಹುಡುಗ,
ಬಸ್ಸೂ ನಿಲ್ಲುತ್ತದೆ, ಟಿಕೆಟ್ಟಿನ ಮೇಲೆ ನಮೂದಿಸಲು
ಅದಕ್ಕೊಂದು ಹೆಸರು ಬೇಕಂತೆ.
ನಾಲ್ಕು ಊರಿಂದ ನಾಲ್ಕು ಹೆಸರು ಬಂದಿವೆ.
ಮುಂದಿನ ಗುರುವಾರ ವಿಷಯ ಅದೊಂದೇ.

ಎರಡು ಪೊಟ್ಟಣ ಚಹಾಪುಡಿ ತಂದಿಟ್ಟಿದ್ದೇನೆ.
ಬಟ್ಟಲು ತುಂಬಿಸುವುದಿಲ್ಲ.